ಭೂಮಿಯ ವಯಸ್ಸು ಹುಡುಕುತ್ತಿದ್ದ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಪೆಟ್ರೋಲಿನ ಸೀಸದ ಬೆನ್ನು ಹತ್ತಿದ್ದೇಕೆ?

ಅಳತೆ ಪದೇ ಪದೇ ಕೈಕೊಟ್ಟಿದ್ದರಿಂದ. ಕಲ್ಲಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ, ಆ ಸೀಸ ಅಳೆದು ಕಲ್ಲಿನ ವಯಸ್ಸು ಲೆಕ್ಕ ಹಾಕಬಹುದು. ಷಿಕಾಗೋದಲ್ಲಿ ಜಿರ್ಕಾನ್ ಹರಳಿನ ಸೀಸ ಅಳೆದರೆ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತಿತ್ತು. ಅದು ಕಲ್ಲಿನದಲ್ಲ, ಧೂಳು, ಗಾಜಿನ ಪಾತ್ರೆ, ಆಮ್ಲದಿಂದ ಸೇರಿದ್ದು. ಹಾಗಾಗಿ ಮಾದರಿ ಹಾಕದೆಯೇ ಇಡೀ ಪ್ರಕ್ರಿಯೆ ನಡೆಸಿ, ಆಗಲೂ ಸಿಗುವ ಸೀಸವನ್ನು, ಅಂದರೆ 'ಬ್ಲ್ಯಾಂಕ್' ಅನ್ನು, ಇಳಿಸುತ್ತಾ ಹೋದರು. ಆಮೇಲೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಸೋಸಿದ ಗಾಳಿಯ ಕೋಣೆ ಕಟ್ಟಿದರು. ಆಮ್ಲವನ್ನೂ ಬಟ್ಟಿ ಇಳಿಸಿ ಶುದ್ಧ ಮಾಡಿಕೊಂಡರು. ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ ಇದೇ.

1956ರಲ್ಲಿ ಉಲ್ಕಾಶಿಲೆಗಳ ಸೀಸ-207, ಸೀಸ-206 (ಸೀಸದ ಎರಡು ಐಸೋಟೋಪುಗಳು, ಅಂದರೆ ತೂಕ ಬೇರೆಯಾದ ಪರಮಾಣುಗಳು) ಅನುಪಾತದಿಂದ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ಪ್ರಕಟಿಸಿದರು. ಅದೇ ಶುದ್ಧತೆಯಲ್ಲಿ ಕಡಲ ನೀರು ಅಳೆದಾಗ ಆಳಕ್ಕಿಂತ ಮೇಲ್ಪದರದಲ್ಲೇ ಸೀಸ ಹೆಚ್ಚಿತ್ತು: ಇತ್ತೀಚೆಗೆ ಮೇಲಿನಿಂದ ಬಿದ್ದದ್ದು, ಮುಖ್ಯವಾಗಿ ಆಗ ಸೀಸ ಬೆರೆಸುತ್ತಿದ್ದ ಪೆಟ್ರೋಲು ಸುಡುವ ವಾಹನದ ಹೊಗೆಯಿಂದ. 1965ರಲ್ಲಿ ಅದನ್ನು ಬರೆದಾಗ ಸೀಸದ ಉದ್ಯಮ ತಿರುಗಿಬಿತ್ತು, ಅವರು ಜಗ್ಗಲಿಲ್ಲ.