ಭವಿಷ್ಯದಲ್ಲಿ ಬಿಟ್ಟುಬಂದ ಹುಡುಗಿ

ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗಳ ಜೊತೆ ರಜೆಯಲ್ಲಿ ಅಮೆರಿಕದ ‘ಹೀರೋಸ್’ ಧಾರಾವಾಹಿಯನ್ನು ನೋಡಲು ಆರಂಭಿಸಿದೆ. ಮೊದಲ ಸೀಸನ್ ಮುಗಿಯುವವರೆಗೆ ನಮಗಿಬ್ಬರಿಗೂ ಊಟದ ಹೊತ್ತು ನೆನಪಾಗುತ್ತಿರಲಿಲ್ಲ. ಎರಡನೆಯ ಸೀಸನ್ ಮುಗಿದಾಗ ಮಗಳು ‘ಆ ಐರ್ಲೆಂಡಿನ ಹುಡುಗಿ ಏನಾದಳು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ಚೆನ್ನಾಗಿ ಆರಂಭವಾದ ವೈಜ್ಞಾನಿಕ ಧಾರಾವಾಹಿ ಹೀಗೇಕೆ ಸೊರಗಿತು? (ಓದುಗರು, ಶಿವಮೊಗ್ಗ)

ಉತ್ತರ: ಆ ಹುಡುಗಿ ಏನಾದಳೆಂಬುದನ್ನು ಧಾರಾವಾಹಿ ಕೊನೆಯವರೆಗೂ ಹೇಳಲಿಲ್ಲ. ಅಸಾಮಾನ್ಯ ಶಕ್ತಿಗಳು ಒಲಿದುಬಂದ ಸಾಮಾನ್ಯ ಜನರ ಈ ಕಥೆಯಲ್ಲಿ, ಕೇಟ್ಲಿನ್ ಎಂಬ ಆ ಹುಡುಗಿಯನ್ನು ನಾಯಕರಲ್ಲೊಬ್ಬನಾದ ಪೀಟರ್ ಪೆಟ್ರೆಲ್ಲಿ ತನಗೆ ಅರಿವಿಲ್ಲದೆಯೇ ಭವಿಷ್ಯಕ್ಕೆ ಕರೆದೊಯ್ಯುತ್ತಾನೆ. ಸಾಂಕ್ರಾಮಿಕ ವೈರಾಣುವೊಂದು ಜಗತ್ತಿನ ಬಹುಪಾಲು ಜನರನ್ನು ಕೊಂದಿರುವ ಆ ಕಾಲದಲ್ಲಿ ಅಧಿಕಾರಿಗಳು ಅವರಿಬ್ಬರನ್ನೂ ಬೇರ್ಪಡಿಸುತ್ತಾರೆ, ಪೀಟರ್ ಒಬ್ಬನೇ ವರ್ತಮಾನಕ್ಕೆ ಮರಳುತ್ತಾನೆ. ಆಮೇಲೆ ಆ ಭವಿಷ್ಯ ಬರದಂತೆ ತಡೆಯಲಾಗುತ್ತದೆ. ಬಾರದೇ ಹೋದ ಕಾಲದಲ್ಲಿ ಸಿಕ್ಕಿಕೊಂಡವಳ ಗತಿಯೇನು ಎಂಬ ಪ್ರಶ್ನೆ ವೈಜ್ಞಾನಿಕ ಕಥೆಯೊಂದಕ್ಕೆ ಸಿಗಬಹುದಾದ ಅತ್ಯುತ್ತಮ ಪ್ರಶ್ನೆಗಳಲ್ಲಿ ಒಂದು. ಧಾರಾವಾಹಿ ಅದನ್ನು ತಾನೇ ಹುಟ್ಟಿಸಿ, ತಾನೇ ಮರೆತುಬಿಟ್ಟಿತು.

ಈ ಮರೆವು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಮೊದಲ ಸೀಸನ್ನಿಗೇ ಹೋಗಬೇಕು. ಟಿಮ್ ಕ್ರಿಂಗ್ ಅವರು ರೂಪಿಸಿದ ಈ ಧಾರಾವಾಹಿಯನ್ನು ಎನ್‌ಬಿಸಿ ವಾಹಿನಿ 2006ರ ಸೆಪ್ಟೆಂಬರ್ 25ರಂದು ಆರಂಭಿಸಿದಾಗ ಅಮೆರಿಕದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಟೋಕಿಯೊದ ಕಚೇರಿ ನೌಕರ ಹಿರೋ, ಟೆಕ್ಸಾಸಿನ ಶಾಲಾ ಹುಡುಗಿ ಕ್ಲೇರ್, ಸಾಯುವ ರೋಗಿಗಳ ಆರೈಕೆ ಮಾಡುವ ಪೀಟರ್, ಚೆನ್ನೈಯಿಂದ ತಂದೆಯ ಸಾವಿನ ಜಾಡು ಹಿಡಿದು ನ್ಯೂಯಾರ್ಕಿಗೆ ಬರುವ ತಳಿವಿಜ್ಞಾನಿ ಮೊಹಿಂದರ್ ಸುರೇಶ್, ಇವರೆಲ್ಲ ಒಬ್ಬರಿಗೊಬ್ಬರು ಅಪರಿಚಿತರು. ನ್ಯೂಯಾರ್ಕ್ ನಗರ ಒಂದು ಸ್ಫೋಟದಲ್ಲಿ ನಾಶವಾಗಲಿದೆ ಎಂಬುದು ನಮಗೆ ಆರಂಭದಲ್ಲಿಯೇ ಗೊತ್ತಾಗುತ್ತದೆ. ದಿನ ಗೊತ್ತಿರುವ ಅನಾಹುತವೊಂದು ಎದುರಿಗಿದ್ದುದರಿಂದ 23 ಕಂತುಗಳ ಉದ್ದಕ್ಕೂ ಪ್ರತಿಯೊಂದು ಸಣ್ಣ ಘಟನೆಗೂ ತೂಕವಿತ್ತು.

ಆದರೆ ಆ ಸೀಸನ್ನಿನ ಕೊನೆಯ ಕಂತಿನಲ್ಲಿಯೇ ಬಿರುಕು ಕಾಣುತ್ತದೆ. ಹತ್ತಿರ ಬಂದವರ ಶಕ್ತಿಯನ್ನು ತನ್ನದಾಗಿಸಿಕೊಳ್ಳುವುದು ಪೀಟರನ ವಿಶೇಷ. ಅಣ್ಣ ನೇಥನ್‌ನ ಹಾರುವ ಶಕ್ತಿ ಅವನಿಗೂ ಬಂದಿರುತ್ತದೆ. ಹಾಗಿದ್ದೂ ನ್ಯೂಯಾರ್ಕಿನಲ್ಲಿ ತಾನೇ ಬಾಂಬಿನಂತೆ ಸ್ಫೋಟಗೊಳ್ಳಲಿರುವ ಪೀಟರನನ್ನು ನೇಥನ್ ಎತ್ತಿಕೊಂಡು ಆಕಾಶಕ್ಕೆ ಹಾರಬೇಕಾಗುತ್ತದೆ. ಪೀಟರ್ ತಾನೇ ಏಕೆ ಹಾರಲಿಲ್ಲ? ಅಣ್ಣತಮ್ಮಂದಿರ ಆ ದೃಶ್ಯ ನನ್ನ ಮನಸ್ಸನ್ನು ಕಲಕಿದ್ದು ನಿಜ, ಆದರೆ ಆ ಪ್ರಶ್ನೆಯನ್ನು ಕೇಳಿಕೊಂಡ ಸಾವಿರಾರು ಪ್ರೇಕ್ಷಕರು ತಪ್ಪು ಮಾಡಲಿಲ್ಲ. ಧಾರಾವಾಹಿ ಕಲಿಸಿದ ನಿಯಮವನ್ನೇ ಅವರು ಧಾರಾವಾಹಿಗೆ ಅನ್ವಯಿಸಿದರು.

ನಮ್ಮ ಪುರಾಣಕಥೆಗಳು ಇಂಥ ಕಡೆ ಎಷ್ಟು ಎಚ್ಚರದಿಂದಿರುತ್ತವೆ ಎಂಬುದನ್ನು ಯಕ್ಷಗಾನದಲ್ಲಿ ಭಸ್ಮಾಸುರನ ಪ್ರಸಂಗ ನೋಡಿದವರೆಲ್ಲ ಬಲ್ಲರು. ಕೊಟ್ಟ ವರವನ್ನು ಶಿವ ಹಿಂತೆಗೆದುಕೊಳ್ಳುವುದಿಲ್ಲ, ಭಸ್ಮಾಸುರನಿಗೆ ವರ ಮರೆತುಹೋಯಿತೆಂದು ಭಾಗವತರೂ ಹಾಡುವುದಿಲ್ಲ. ಮೋಹಿನಿ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇರಿಸುತ್ತಾಳೆ. ವರದ ಕಟ್ಟುಪಾಡಿನೊಳಗೇ ಬಿಡುಗಡೆಯ ದಾರಿಯಿದೆ. ‘ಹೀರೋಸ್’ ಮಾಡಿದ್ದು ಇದಕ್ಕೆ ತದ್ವಿರುದ್ಧ. ಪೀಟರ್ ಎಲ್ಲ ಶಕ್ತಿಗಳನ್ನೂ ಪಡೆದು ಅಜೇಯನಾದಾಗ ಕಥೆಯನ್ನು ಮುಂದುವರಿಸುವುದು ಕಷ್ಟವಾಯಿತು. ಆಗ ಬರಹಗಾರರು ಎರಡನೆಯ ಸೀಸನ್ನಿನಲ್ಲಿ ಅವನ ನೆನಪನ್ನು ಅಳಿಸಿ ಐರ್ಲೆಂಡಿನ ಸರಕು ಸಾಗಣೆಯ ಕಂಟೇನರಿನಲ್ಲಿ ಕೂರಿಸಿದರು. ಮೂರನೆಯದರಲ್ಲಿ ಅವನ ತಂದೆಯ ಕೈಯಿಂದ ಶಕ್ತಿಗಳನ್ನೆಲ್ಲ ಕಸಿದರು. ಕಾಲವನ್ನೇ ಬಗ್ಗಿಸಬಲ್ಲ ಹಿರೋನನ್ನು 1671ರ ಜಪಾನಿನಲ್ಲಿ ಕಂತುಗಟ್ಟಲೆ ನಿಲ್ಲಿಸಿದರು, ಮುಂದೆ ಅವನ ಬುದ್ಧಿಯನ್ನು ಹತ್ತು ವರ್ಷದ ಹುಡುಗನ ಮಟ್ಟಕ್ಕೆ ಇಳಿಸಿದರು. ಕ್ಲೇರಳ ರಕ್ತ ಸತ್ತವರನ್ನೂ ಬದುಕಿಸುತ್ತದೆ ಎಂದು ಅವಳ ಸಾಕುತಂದೆ ನೋವಾ ಬೆನೆಟ್ ಗುಂಡೇಟಿನಿಂದ ಎದ್ದು ಕುಳಿತಾಗ ತೋರಿಸಿಕೊಟ್ಟರು. ಅಂದಿನಿಂದ ಆ ಜಗತ್ತಿನಲ್ಲಿ ಯಾರ ಸಾವನ್ನೂ ನಂಬಿ ಅಳುವುದು ನಮಗೆ ಸಾಧ್ಯವಾಗಲಿಲ್ಲ.

ಒಂದು ಅಸಾಧ್ಯವನ್ನು ಒಪ್ಪಿಕೊಳ್ಳಿ ಎಂದು ವೈಜ್ಞಾನಿಕ ಕಥೆ ಕೇಳಿದಾಗ ನಾವು ಸಂತೋಷದಿಂದ ಒಪ್ಪುತ್ತೇವೆ. ಒಪ್ಪಿದ ಮೇಲೆ, ಅದರಿಂದ ಏನೇನು ಆಗಬೇಕೋ ಅದೆಲ್ಲ ಆಗಲಿ ಎಂದು ಕಾಯುತ್ತೇವೆ. ನಿಮ್ಮ ಮಗಳು ಕೇಟ್ಲಿನ್‌ಗಾಗಿ ಕಾದದ್ದು ಹಾಗೆಯೇ.

ಪ್ರಶ್ನೆ: ‘ಹೀರೋಸ್’ ಹಾಳಾಗಲು ಹಾಲಿವುಡ್ ಬರಹಗಾರರ ಮುಷ್ಕರವೇ ಕಾರಣವೆಂದು ಹಲವರು ಹೇಳುತ್ತಾರೆ. ಇದು ಎಷ್ಟರಮಟ್ಟಿಗೆ ನಿಜ? (ಓದುಗರು, ಹುಬ್ಬಳ್ಳಿ)

ಉತ್ತರ: ಅರ್ಧ ನಿಜ. ಮುಷ್ಕರ ಆರಂಭವಾದದ್ದು 2007ರ ನವೆಂಬರ್ 5ರಂದು, ಮುಗಿದದ್ದು 2008ರ ಫೆಬ್ರುವರಿಯಲ್ಲಿ. ಎರಡನೆಯ ಸೀಸನ್ 11 ಕಂತುಗಳಿಗೇ ನಿಂತಿತು. ವೈರಾಣು ಹೊರಗೆ ಹರಡುವಂತೆ ಚಿತ್ರೀಕರಿಸಿದ್ದ ಅಂತ್ಯವನ್ನು ಬದಲಿಸಿ, ಪೀಟರ್ ಅದನ್ನು ತಡೆಯುವಂತೆ ಮಾಡಬೇಕಾಯಿತು. ಇದರಿಂದ ಸಾಂಕ್ರಾಮಿಕದ ಕಥೆ ಅಲ್ಲಿಗೇ ಮುಗಿದು, ಕೇಟ್ಲಿನ್‌ಳತ್ತ ಮರಳುವ ದಾರಿಯೂ ಮುಚ್ಚಿತು. ದುಡಿಮೆಗೆ ತಕ್ಕ ಪಾಲು ಕೇಳಿದ ಬರಹಗಾರರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ.

ಆದರೆ ಪ್ರೇಕ್ಷಕರು ಬೇಸರಗೊಂಡದ್ದು ಆ ಅಂತ್ಯಕ್ಕಿಂತ ಮೊದಲೇ. ಕಥೆ ನಿಧಾನವಾಯಿತು, ಹಿರೋ ಜಪಾನಿನಲ್ಲಿ ಅತಿಯಾಗಿ ಉಳಿದ, ಪ್ರೇಮಪ್ರಸಂಗಗಳು ಹೊಂದಲಿಲ್ಲ ಎಂದು ಕ್ರಿಂಗ್ ಅವರೇ ಅದೇ ನವೆಂಬರಿನಲ್ಲಿ ಸಂದರ್ಶನವೊಂದರಲ್ಲಿ ತಪ್ಪೊಪ್ಪಿಕೊಂಡರು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಪ್ರತಿ ಸೀಸನ್ನಿಗೂ ಹೊಸ ಪಾತ್ರಗಳನ್ನು ತರಬೇಕೆಂಬ ಯೋಚನೆ ಅವರಿಗೆ ಮೊದಲು ಇತ್ತು, ಜನಪ್ರಿಯ ಪಾತ್ರಗಳನ್ನು ಬಿಡಲಾಗದೆ ಅದು ಕೈಗೂಡಲಿಲ್ಲ. ಹೊಟ್ಟೆಗೆ ಕತ್ತಿ ಚುಚ್ಚಿಸಿಕೊಂಡ ಖಳ ಸೈಲಾರ್ ಕೂಡ ಒಳಚರಂಡಿಗೆ ತೆವಳಿ ಬದುಕಿಕೊಂಡ. ಮೊದಲ ಸೀಸನ್ನಿನಲ್ಲಿ ಮುಗಿದಿದ್ದ ಕಥೆಯನ್ನು ಮುಗಿಯಗೊಡದಿದ್ದುದೇ ಮುಷ್ಕರಕ್ಕಿಂತ ದೊಡ್ಡ ಹಾನಿ ಎಂಬುದು ನನ್ನ ಅಭಿಪ್ರಾಯ. ಕೊನೆಯ ಸೀಸನ್ನಿನ ವೇಳೆಗೆ ಆರಂಭದ ಪ್ರೇಕ್ಷಕರಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ. ನಾಲ್ಕು ಸೀಸನ್‌ಗಳ ಬಳಿಕ 2010ರಲ್ಲಿ ವಾಹಿನಿ ಅದನ್ನು ನಿಲ್ಲಿಸಿತು.

ಹೊರಗಿನ ಅಡಚಣೆ ಯಾರಿಗೂ ತಪ್ಪಿದ್ದಲ್ಲ. ಐದು ವರ್ಷಗಳ ಒಂದೇ ಕಥೆಯೆಂದು ಯೋಜಿಸಿದ್ದ ‘ಬ್ಯಾಬಿಲಾನ್ 5’ ಧಾರಾವಾಹಿಯ ನಾಯಕನಟ ಮೊದಲ ಸೀಸನ್ನಿಗೇ ಹೊರನಡೆಯಬೇಕಾಯಿತು. ಅದರ 110 ಕಂತುಗಳಲ್ಲಿ 92ನ್ನು ಸ್ವತಃ ಬರೆದ ಮೈಕೆಲ್ ಸ್ಟ್ರಾಝಿನ್ಸ್ಕಿ ಆ ನಾಯಕನನ್ನು ಮರೆಯಲಿಲ್ಲ. ಮೂರನೆಯ ಸೀಸನ್ನಿನಲ್ಲಿ ಅವನನ್ನು ಮರಳಿ ಕರೆತಂದು, ಸಾವಿರ ವರ್ಷ ಹಿಂದಕ್ಕೆ ಕಳುಹಿಸಿ, ಆ ಜಗತ್ತಿನ ಇತಿಹಾಸಕ್ಕೇ ಅವನನ್ನು ಮೂಲಪುರುಷನನ್ನಾಗಿ ಮಾಡಿದರು. ಕೇಟ್ಲಿನ್‌ಗೆ ಅಷ್ಟು ದೊಡ್ಡ ಪಾತ್ರ ಬೇಕಿರಲಿಲ್ಲ; ಪೀಟರ್ ಒಮ್ಮೆ ಅವಳ ಹೆಸರು ಹೇಳಿ ತಲೆ ತಗ್ಗಿಸಿದ್ದರೂ ಸಾಕಿತ್ತು.

ಪ್ರಶ್ನೆ: ‘ಹೀರೋಸ್’ ಮೊದಲ ಸೀಸನ್ ಮಾತ್ರ ನೋಡಿ ನಿಲ್ಲಿಸು ಎಂದು ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಲೇ? (ಓದುಗರು, ಪುಣೆ)

ಉತ್ತರ: ಮಾಡಬಹುದು, ನಷ್ಟವೇನೂ ಇಲ್ಲ. ಆದರೆ ಮೊದಲ ಸೀಸನ್ನಿನ 17ನೆಯ ಕಂತನ್ನು ಎರಡು ಬಾರಿ ನೋಡಿರೆಂದು ಕೇಳಿಕೊಳ್ಳುತ್ತೇನೆ. ಬ್ರಯಾನ್ ಫುಲ್ಲರ್ ಬರೆದ ಆ ಕಂತಿನ ಬಹುಭಾಗ ಒಂದೇ ಮನೆಯೊಳಗೆ ನಡೆಯುತ್ತದೆ. ಮಗಳು ಎಲ್ಲಿದ್ದಾಳೆಂದು ತನ್ನ ಬಾಯಿಂದ ಯಾರೂ ಹೊರಡಿಸದಿರಲಿ ಎಂದು ನೋವಾ ಬೆನೆಟ್ ತನಗೆ ಗುಂಡು ಹಾರಿಸುವಂತೆ, ತನ್ನ ನೆನಪನ್ನು ಅಳಿಸುವಂತೆ ಜೊತೆಗಾರನನ್ನು ತಾನೇ ಕೇಳಿಕೊಳ್ಳುತ್ತಾನೆ. ಪೀಟರನ ನೆನಪು ಹೋದಾಗ ಬರಹಗಾರರಿಗೆ ಅನುಕೂಲವಾಯಿತು. ಇಲ್ಲಿ ನೆನಪು ಹೋಗುವಾಗ ಒಬ್ಬ ತಂದೆ ತನ್ನ ಮಗಳನ್ನು ಕೊನೆಯ ಬಾರಿ ನೋಡಿಕೊಳ್ಳುತ್ತಾನೆ.