12 ವಾರದ ಡಯಟ್, 13ನೇ ವಾರದ ಪ್ರಶ್ನೆ

ಆಕೆಗೆ 38 ವರ್ಷ. ತೂಕ 84 ಕಿಲೋ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) 12 ವಾರದ ಡಯಟ್ ಶುರುಮಾಡಿ ಮೂರು ವಾರ ಆಗಿತ್ತು. ದಿನಕ್ಕೆ 1,200 ಕ್ಯಾಲೊರಿ, ಯಾವ ಹೊತ್ತಿಗೆ ಏನು ಅಂತ ಬರೆದಿಟ್ಟ ಚಾರ್ಟ್. ನನ್ನ ಬಳಿ ಸಲಹೆಗೆ ಬಂದು ಕೂತ ಕೂಡಲೇ ಕೇಳಿದರು: "ಮುಂದುವರಿಸಲಾ, ಬಿಟ್ಟುಬಿಡಲಾ? ಏನಾದರೂ ಒಂದು ಹೇಳಿಬಿಡಿ ಮೇಡಂ."

ನಾನು ಹೇಳಲಿಲ್ಲ. ಚಾರ್ಟಿನಲ್ಲಿ ನಿಮಗೆ ಹಿಡಿಸಿದ್ದೇನು ಅಂತ ಕೇಳಿದೆ.

"ಯೋಚನೆ ಮಾಡೋ ಹಾಗಿಲ್ಲ. ಆಫೀಸಿನಲ್ಲಿ ದಿನವಿಡೀ ನಾನೇ ತೀರ್ಮಾನ ಮಾಡಬೇಕು. ಊಟದ ವಿಷಯಕ್ಕಾದರೂ ಬೇರೆಯವರು ಹೇಳಿಬಿಟ್ಟರೆ ಹಾಯಾಗಿರುತ್ತೆ."

ಇದು ಸಣ್ಣ ಲಾಭವೇನಲ್ಲ. ಹೊತ್ತುಗೊತ್ತಿಲ್ಲದೆ ತಿನ್ನುತ್ತಿದ್ದವರು ಸಮಯಕ್ಕೆ ತಿನ್ನತೊಡಗಿದ್ದರು. ತೂಕ ಶೇ. 5ರಷ್ಟು ಇಳಿದರೂ ಬಿಪಿ ಸುಧಾರಿಸಬಹುದು. ಅವರ ಲೆಕ್ಕಕ್ಕೆ ಅದು 4 ಕಿಲೋ ಚಿಲ್ಲರೆ, ಅಷ್ಟೇ.

ಉಳಿದದ್ದು ನಿಧಾನಕ್ಕೆ ಹೊರಬಂತು. ದಿನಕ್ಕೆ ಮೂರು ಸಲ ತೂಕ ನೋಡುತ್ತಿದ್ದರು. ಮೊದಲ ವಾರ 2.5 ಕಿಲೋ ಇಳಿದಿತ್ತು, ಮೂರನೇ ವಾರ ಬರೀ 300 ಗ್ರಾಂ. ಆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದು ಪ್ಯಾಕೆಟ್ ಬಿಸ್ಕತ್ತು ಖಾಲಿಯಾಯಿತು. ಮರುದಿನ ಅದಕ್ಕೆ ಶಿಕ್ಷೆ ಅಂತ ಉಪವಾಸ. ರಾತ್ರಿ ಮತ್ತೆ ಬಿಸ್ಕತ್ತು. "ನನಗೆ ಬಾಯಿ ಕಟ್ಟೋಕೇ ಆಗಲ್ಲ" ಅಂತ ಅತ್ತರು.

ಮೊದಲ ವಾರದ ಇಳಿಕೆಯಲ್ಲಿ ಬಹುಪಾಲು ನೀರು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ದೇಹ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಊಟ ಕಡಿಮೆಯಾದಾಗ ಎರಡೂ ಒಟ್ಟಿಗೆ ಹೋಗುತ್ತವೆ. ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು ಗೊತ್ತಾಗಲ್ಲ, ಅಲ್ವಾ?

ಇನ್ನು ಬಿಸ್ಕತ್ತು. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಹಸಿದ ಮೈ ಹಾಗೆಯೇ ನಡೆದುಕೊಳ್ಳುತ್ತದೆ, ನಿಮ್ಮೊಬ್ಬರ ದೌರ್ಬಲ್ಯ ಅಲ್ಲ ಅಂದೆ. ಅಳು ನಿಂತಿತು.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ: "13ನೇ ವಾರದ ಸೋಮವಾರ ಬೆಳಿಗ್ಗೆ ಏನು ತಿಂತೀರಿ?" ತುಂಬಾ ಹೊತ್ತು ಸುಮ್ಮನಿದ್ದರು. ಚಾರ್ಟ್ ಅಲ್ಲಿಯವರೆಗೆ ಇರಲಿಲ್ಲ. ಅವರನ್ನು ಹಾಯಾಗಿಟ್ಟಿದ್ದೇ ಅಲ್ಲಿ ಅವರ ಕೈಬಿಡುತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಚಾರ್ಟ್ ಸದ್ಯ ಇರಲಿ, ಆದರೆ ರಾತ್ರಿಯ ಊಟ ನೀವೇ ತೀರ್ಮಾನಿಸಿ, ತಪ್ಪಾದರೂ ಪರವಾಗಿಲ್ಲ. ವಾರಕ್ಕೆ ಒಂದೇ ಸಲ ತೂಕ ನೋಡಿ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ತೀರಾ ಬೇಗ ಇಳಿಸಿದರೆ ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಜಾಸ್ತಿ. ಒಂದು ದಿನ ಜಾಸ್ತಿ ತಿಂದರೆ ಮರುದಿನ ಉಪವಾಸ ಬೇಡವೇ ಬೇಡ, ಮಾಮೂಲಿ ತಿಂಡಿ ತಿನ್ನಿ. ಬಿಪಿ ಮಾತ್ರೆಯ ಬಗ್ಗೆ ಈ ವಾರವೇ ಡಾಕ್ಟರನ್ನು ಕಾಣಿ, ತೂಕ ಇಳಿದಂತೆ ಡೋಸ್ ಬದಲಾಗಬೇಕಾಗಬಹುದು. ಈ ಉಪವಾಸ, ಬಿಸ್ಕತ್ತಿನ ಸುತ್ತು ನಿಲ್ಲದಿದ್ದರೆ ಡಯಟ್ ಬದಿಗಿಟ್ಟು ಮೊದಲು ಅದಕ್ಕೆ ಚಿಕಿತ್ಸೆ. ಇದನ್ನು ಮಾತ್ರ ಗಟ್ಟಿಯಾಗಿಯೇ ಹೇಳಿದೆ.

ತಿಂಗಳ ನಂತರ ಬಂದಾಗ ಬಿಸ್ಕತ್ತಿನ ರಾತ್ರಿಗಳು ಎರಡಕ್ಕೆ ಇಳಿದಿದ್ದವು. ರಾತ್ರಿಯ ಊಟ ಅವರದೇ ತೀರ್ಮಾನ. ಯಾರಾದರೂ ಊಟಕ್ಕೆ ಕರೆದರೆ ಮಾತ್ರ ಈಗಲೂ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಮುಂದಿನ ಭೇಟಿಯಲ್ಲಿ ಅದನ್ನು ಮಾತಾಡಬೇಕು.