ಸಂಪಾದಕರ ಉತ್ತರ: ಅದು ಪ್ಲೈವುಡ್ ದೋಣಿಯಲ್ಲ

ಕುಂದಾಪುರದ ಓದುಗರೊಬ್ಬರ ಪತ್ರ: "ಎರಡನೇ ಮಹಾಯುದ್ಧದ ಅಮೆರಿಕದ ಪಿಟಿ ದೋಣಿಗಳ (ಟಾರ್ಪಿಡೊ ಹೊತ್ತು ವೇಗವಾಗಿ ಓಡುವ ಚಿಕ್ಕ ಯುದ್ಧದೋಣಿಗಳ) ಮೈ ಮಹಾಗನಿ ಹಲಗೆಯದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಓದಿದ ಕಡೆಯಲ್ಲೆಲ್ಲ ಪ್ಲೈವುಡ್ ಎಂದೇ ಇದೆ. ಎರಡೂ ಪದರ ಪದರವಾಗಿ ಅಂಟಿಸಿದ ಮರವೇ ತಾನೆ? ಮಗಳ ಶಾಲೆಯ ಪ್ರದರ್ಶನಕ್ಕೆ ಎಂಬತ್ತು ಸೆಂಟಿಮೀಟರಿನ ಮಾದರಿಯೊಂದನ್ನು ಮಾಡುತ್ತಿದ್ದೇವೆ. ಎಷ್ಟು ದಪ್ಪದ ಪ್ಲೈವುಡ್ ತರಲಿ?"

ಮಾನ್ಯರೇ, ಮಗಳ ಜತೆ ಕೂತು ದೋಣಿ ಕಟ್ಟಲು ಹೊರಟಿದ್ದೀರಿ, ಅದಕ್ಕೇ ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೇಲಿಟ್ಟೆವು. ಆದರೆ "ಎರಡೂ ಒಂದೇ ತಾನೆ" ಎಂಬ ಮಾತನ್ನು ಹಾಗೇ ಬಿಡಲಾಗದು.

ಪ್ಲೈವುಡ್ಡಿಗೆ ಸಲ್ಲಬೇಕಾದ್ದು ಸಲ್ಲಲಿ. ಪಿಟಿ ದೋಣಿಗಳ ಒಳಗೋಡೆ, ಕೋಣೆಗಳಲ್ಲಿ ಅದು ಇತ್ತು. ಬ್ರಿಟಿಷರ 112 ಅಡಿಯ ಫೇರ್‌ಮೈಲ್ ಬಿ ದೋಣಿಗಳ ಪಕ್ಕೆಲುಬುಗಳನ್ನೇ ಪ್ಲೈವುಡ್ಡಿನಲ್ಲಿ ಕತ್ತರಿಸಿ ಕಟ್ಟುವ ಜಾಗಕ್ಕೆ ಸಾಗಿಸುತ್ತಿದ್ದರು. ಅಂಥ ದೋಣಿಗಳನ್ನು ರಾಯಲ್ ಇಂಡಿಯನ್ ನೇವಿಯೂ ಬರ್ಮಾದ ಅರಾಕಾನ್ ಕರಾವಳಿಯಲ್ಲಿ ಓಡಿಸಿತು. ಅವುಗಳ ಹೊರಮೈಗೂ ಹೊದಿಸಿದ್ದು ಮಹಾಗನಿ ಹಲಗೆಯನ್ನೇ.

ಈಗ ಪಿಟಿ ದೋಣಿಯ ಮೈಗೆ ಬರೋಣ. ನ್ಯೂಜೆರ್ಸಿಯ ಬೇಯೋನ್‌ನಲ್ಲಿ ಎಲ್ಕೊ ಕಂಪನಿ ಕಟ್ಟಿದ ದೋಣಿ 80 ಅಡಿ ಉದ್ದ, 20 ಅಡಿ 8 ಇಂಚು ಅಗಲ. ಪಕ್ಕೆಲುಬುಗಳ ಮೇಲೆ ಮೊದಲು ಮಹಾಗನಿ ಹಲಗೆಯ ಒಂದು ಪದರ ಓರೆಯಾಗಿ. ಅದರ ಮೇಲೆ ಅಂಟಿನಲ್ಲಿ ನೆನೆಸಿದ ಬಟ್ಟೆ. ಅಂಟು ಹಸಿಯಾಗಿರುವಾಗಲೇ, ಕೆಳಗಿನದರ ಎಳೆಯನ್ನು ಅಡ್ಡಹಾಯುವಂತೆ ಎರಡನೇ ಪದರ. ಇಷ್ಟನ್ನೂ ಬಿಗಿದು ಹಿಡಿಯುವುದಕ್ಕೆ ಸಾವಿರಗಟ್ಟಲೆ ಕಂಚಿನ ಸ್ಕ್ರೂ, ತಾಮ್ರದ ರಿವೆಟ್. ಕಬ್ಬಿಣದ ಸ್ಕ್ರೂ ಹಾಕಿದರೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸಿ ಪುಡಿಮಾಡುತ್ತದೆ. ದೋಣಿಯನ್ನು ಕವುಚಿ ಹಾಕಿಯೇ ಹಲಗೆ ಹೊದಿಸುತ್ತಿದ್ದರು. ಆಗ ಬಡಗಿ ತಲೆಯ ಮೇಲೆ ಕೈಯೆತ್ತಿ ದುಡಿಯಬೇಕಿಲ್ಲ, ಮೈಭಾರ ಹಾಕಿ ಕೆಳಮುಖವಾಗಿ ಸ್ಕ್ರೂ ತಿರುಗಿಸಬಹುದು. ಮುಗಿದ ಮೇಲೆ ಇಡೀ ಮೈಯನ್ನು ಮಗುಚುತ್ತಿದ್ದರು.

ಪ್ಲೈವುಡ್ ಏಕೆ ಒಗ್ಗುತ್ತಿರಲಿಲ್ಲ? ಒಂದು ರಟ್ಟನ್ನು ತೆಗೆದುಕೊಂಡು ಬಗ್ಗಿಸಿ ನೋಡಿ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ. ಬಾಗಿದ್ದನ್ನೇ ಇನ್ನೊಂದು ದಿಕ್ಕಿಗೂ ಬಾಗಿಸಹೊರಟರೆ ಸುಕ್ಕುಗಟ್ಟುತ್ತದೆ, ಇಲ್ಲವೇ ಹರಿಯುತ್ತದೆ. ಪಿಟಿ ದೋಣಿಯ ಮೂತಿ ಏಕಕಾಲಕ್ಕೆ ಎರಡೂ ಕಡೆ ಬಾಗಿ, ಮೇಲಕ್ಕೇರುತ್ತ ತಿರುಚಿಕೊಳ್ಳುತ್ತದೆ. ಅಗಲದ ಹಾಳೆ ಅಲ್ಲಿ ಕೂರುವುದಿಲ್ಲ, ಕಿರಿದಾದ ಹಲಗೆ ಒಂದೊಂದಾಗಿ ತಿರುಚಿಕೊಂಡು ಕೂರುತ್ತದೆ.

ಇನ್ನು ರಿಪೇರಿ. ನಮ್ಮ ಪಕ್ಷಪಾತವೆಲ್ಲ ಇಲ್ಲಿದೆ. ಸಾಲೊಮನ್ ದ್ವೀಪಗಳ ಹವಳದ ಬಂಡೆಗೆ ಉಜ್ಜಿ ಹೊರಹಲಗೆ ಸೀಳಿತು ಎನ್ನಿ. ಸ್ಕ್ರೂ ತಲೆಯ ಮೇಲಿನ ಪುಟ್ಟಿ ಕೆರೆದು ಸ್ಕ್ರೂ ಬಿಚ್ಚಬೇಕು. ಹಲಗೆಯನ್ನು ಪಕ್ಕೆಲುಬಿನ ಮೇಲೆಯೇ ಕತ್ತರಿಸಬೇಕು. ಎರಡು ಪಕ್ಕೆಲುಬುಗಳ ನಡುವೆ ಕತ್ತರಿಸಿದರೆ ಹೊಸ ತುದಿಗೆ ಆಸರೆ ಇರುವುದಿಲ್ಲ. ಅಕ್ಕಪಕ್ಕದ ಹಲಗೆಗಳ ಜೋಡಣೆ ಒಂದೇ ಸಾಲಿಗೆ ಬಾರದಂತೆ ಹಿಂದೆಮುಂದೆ ಮಾಡಬೇಕು. ಒಳಪದರವನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಬೇಕು: ಟಣ್ ಎಂದರೆ ಗಟ್ಟಿ, ದಬ್ ಎಂದರೆ ಕೊಳೆತಿದೆ. ಹೊಸ ಬಟ್ಟೆ ಹಳೆಯದರ ಅಂಚಿನ ಮೇಲೆ ಹಾಯಬೇಕು. ರಿವೆಟ್‌ಗೆ ಇಬ್ಬರು ಬೇಕು, ಹೊರಗೊಬ್ಬ ಭಾರದ ಕಬ್ಬಿಣ ಒತ್ತಿ ಹಿಡಿದರೆ ಒಳಗಿರುವವನು ತಾಮ್ರದ ಬಿಲ್ಲೆ ತೊಡಿಸಿ ತುದಿ ಬಡಿಯುತ್ತಾನೆ. ಹಳೆಯ ತೂತು ಸಡಿಲವಾಗಿದ್ದರೆ ಒಂದು ಅಳತೆ ದಪ್ಪನೆಯ ಸ್ಕ್ರೂ. ಮುಂಚೂಣಿ ನೆಲೆಯ ಬಡಗಿಗಳು ಕಾರ್ಖಾನೆಯ ಮುಖ ನೋಡದೆ ಮುಗಿಸಬಹುದಾದ ಕೆಲಸ ಇದು.

ಕೆಡುವುದು ಹೇಗೆ ಎಂಬುದನ್ನೂ ಹೇಳಬೇಕು. ಸಾಮಾನ್ಯ ದೋಣಿ ಸೋರಿದರೆ ಸಂದಿಗೆ ಹತ್ತಿ ತುರುಕಿ ಬಡಿಯುವುದು ರೂಢಿ. ಎರಡು ಪದರದ ಮೈಯಲ್ಲಿ ಹಾಗೆ ಮಾಡಿದರೆ ಹತ್ತಿ ಪದರಗಳ ನಡುವೆ ನುಗ್ಗಿ ಅವುಗಳನ್ನೇ ಬೇರ್ಪಡಿಸುತ್ತದೆ, ಸೋರಿಕೆ ಹೆಚ್ಚುತ್ತದೆ. ನೀರು ತಡೆಯುವುದು ನಡುವಿನ ಬಟ್ಟೆ ಮತ್ತು ಅಂಟು, ಮದ್ದು ಅಲ್ಲೇ ಆಗಬೇಕು. ಡೆಕ್ಕಿನಿಂದ ಇಳಿದ ಮಳೆನೀರು ಪದರಗಳ ನಡುವೆ ನಿಂತರಂತೂ ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ. ಸಿಹಿನೀರು ಮರಕ್ಕೆ ಉಪ್ಪುನೀರಿಗಿಂತ ಕೆಟ್ಟದ್ದು.

ಬರಿಯ ಅಂಟನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಉದಾಹರಣೆಯಿದೆ. ಬ್ರಿಟನ್ನಿನ ಮಾಸ್ಕಿಟೊ ವಿಮಾನ ಪ್ಲೈವುಡ್ ಮತ್ತು ಬಾಲ್ಸಾ ಮರದ ಅದ್ಭುತ ಕೆಲಸ. 1944ರಲ್ಲಿ ಭಾರತದಲ್ಲಿ ಹಾರುತ್ತಿದ್ದಾಗಲೇ ರೆಕ್ಕೆ ಮುರಿದು ಕೆಲವು ಬಿದ್ದವು. ಉಳಿದವನ್ನು ನೆಲಕ್ಕಿಳಿಸಿ ತಪಾಸಣೆ ನಡೆಸಿದಾಗ ಅಂಟಿನ ಜೋಡಣೆಯಲ್ಲಿ ದೋಷ ಕಂಡಿತು.

ಹಾಗಾದರೆ ಪ್ಲೈವುಡ್ ಎಂಬ ಮಾತು ಅಂಟಿಕೊಂಡದ್ದು ಹೇಗೆ? 1941ರ ಜುಲೈಯಲ್ಲಿ ಅಮೆರಿಕದ ನೌಕಾಪಡೆ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಊರಿನಾಚೆಯ ಸಮುದ್ರದಲ್ಲಿ ಬೇರೆ ಬೇರೆ ಕಂಪನಿಗಳ ದೋಣಿಗಳನ್ನು 190 ನಾಟಿಕಲ್ ಮೈಲಿ ಓಡಿಸಿ ಪರೀಕ್ಷಿಸಿತು. ಶಸ್ತ್ರಾಸ್ತ್ರದ ತೂಕಕ್ಕೆ ಬದಲಾಗಿ ತಾಮ್ರದ ಗಟ್ಟಿಗಳನ್ನು ಹೇರಿದ್ದರು, ಆ ಭಾರಕ್ಕೆ ಕೆಲವು ದೋಣಿಗಳ ಡೆಕ್ ಬಿರುಕುಬಿಟ್ಟಿತು. ಆ ಓಟಕ್ಕೆ ಬಿದ್ದ ಅಡ್ಡಹೆಸರು 'ಪ್ಲೈವುಡ್ ಡರ್ಬಿ'. ಆ ಹೆಸರನ್ನು ಎಂಬತ್ತು ವರ್ಷಗಳಿಂದ ಒಬ್ಬರ ಬರಹದಿಂದ ಇನ್ನೊಬ್ಬರು ಎತ್ತಿ ಬರೆಯುತ್ತಲೇ ಬಂದಿದ್ದಾರೆ.

ನಮಗೆ ನೋವಾಗುವುದು ಇದಕ್ಕೇ. 1943ರ ಆಗಸ್ಟ್ 2ರಂದು ಜಪಾನಿನ ಅಮಾಗಿರಿ ಹಡಗು ಪಿಟಿ-109ನ್ನು ಸೀಳಿತು, ಅದರ ನಾಯಕ ಕೆನಡಿ ಮುಂದೆ ಅಧ್ಯಕ್ಷರಾದರು. ಇದನ್ನು ಎಲ್ಲರೂ ಬರೆಯುತ್ತಾರೆ. ಸೀಳಿದ ಮೇಲೂ ಮುಂಭಾಗ ಗಂಟೆಗಟ್ಟಲೆ ತೇಲಿ ಬದುಕಿದವರಿಗೆ ಆಸರೆಯಾಯಿತಲ್ಲ, ಆ ನೀರುಬಿಗಿ ಕೋಣೆಗಳನ್ನು ಕಟ್ಟಿದ ಕೈಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಯುದ್ಧ ಮುಗಿದದ್ದೇ ಫಿಲಿಪೈನ್ಸ್‌ನ ಸಮರ್ ದ್ವೀಪದಲ್ಲಿ ನೂರಕ್ಕೂ ಹೆಚ್ಚು ದೋಣಿಗಳನ್ನು ದಡಕ್ಕೆಳೆದು ಸುಟ್ಟರು. ಉಳಿದ ಬೆರಳೆಣಿಕೆಯಲ್ಲಿ ಪಿಟಿ-617 ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್‌ನಲ್ಲಿದೆ. ದಂಡನಾಯಕನ ಹೆಸರು ತಪ್ಪಿದರೆ ನಾಚುವ ನಾವು ಬಡಗಿಯ ಕೆಲಸದ ಹೆಸರು ತಪ್ಪಿದರೆ ಯಾಕೆ ನಾಚುವುದಿಲ್ಲ?

ನಿಮ್ಮ ಮಾದರಿಗೆ: ಎಂಬತ್ತೊಂದು ಸೆಂಟಿಮೀಟರ್ ಉದ್ದ, ಇಪ್ಪತ್ತೊಂದು ಅಗಲ ಇಟ್ಟುಕೊಂಡರೆ ಹೆಚ್ಚುಕಡಿಮೆ ಮೂವತ್ತರಲ್ಲಿ ಒಂದು ಪಾಲು. ಪಕ್ಕೆಲುಬುಗಳಿಗೆ ಮಾತ್ರ ನಾಲ್ಕು ಮಿಲಿಮೀಟರ್ ಪ್ಲೈವುಡ್ ತನ್ನಿ. ಮೈಗೆ ವೆನೀರ್ ಎಂಬ ತೆಳುವಾದ ಮರದ ಹಾಳೆಯನ್ನು ಐದಾರು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕೊಯ್ದುಕೊಳ್ಳಿ. ಪಕ್ಕೆಲುಬುಗಳನ್ನು ಒಂದು ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಎಡಕ್ಕೊಂದು ಹಾಕಿದರೆ ಬಲಕ್ಕೊಂದು ಹಾಕುತ್ತ ಬನ್ನಿ, ಒಂದೇ ಪಕ್ಕ ಮುಗಿಸಿದರೆ ಬೆನ್ನುಮರ ಸೊಟ್ಟಗಾಗುತ್ತದೆ. ಎರಡು ಪದರಗಳ ನಡುವೆ ಹಳೆಯ ಮಲ್ಮಲ್ ಬಟ್ಟೆಯ ತುಂಡನ್ನು ಅಂಟಿನಲ್ಲಿ ಅದ್ದಿ ಹಾಸುವ ಕೆಲಸವನ್ನು ಮಗಳಿಗೇ ಬಿಡಿ.